ಗುಂಡಿಯಿಲ್ಲದ ಕೋಟಿನ ಊರಿನಲ್ಲಿ

ಲ್ಯಾಂಕಾಸ್ಟರ್ ಕೌಂಟಿಗೆ ಹೋಗುವುದಿದ್ದರೆ ಸೋಮವಾರ ಹೋಗಬೇಕು. ಅಂದು ಅಲ್ಲಿ ಬಟ್ಟೆ ಒಗೆಯುವ ದಿನ. ಹಿಂಬಾಗಿಲ ಜಗಲಿಯಿಂದ ಕೊಟ್ಟಿಗೆಯ ನೆತ್ತಿಗೋ ಅಂಗಳದ ಎತ್ತರದ ಕಂಬಕ್ಕೋ ರಾಟೆ ಹಾಕಿ ಎಳೆದ ಹಗ್ಗದ ಮೇಲೆ ಇಡೀ ಸಂಸಾರ ಗಾಳಿಗೆ ಆಡುತ್ತಿರುತ್ತದೆ. ನೀಲಿ, ಕಡುಹಸಿರು, ನೇರಳೆ, ದ್ರಾಕ್ಷಿ ಬಣ್ಣದ ಹೆಂಗಸರ ಉಡುಪುಗಳು. ಒಂದರಲ್ಲೂ ಹೂವಿಲ್ಲ, ಗೆರೆಯಿಲ್ಲ, ಚೌಕಳಿಯಿಲ್ಲ. ಅವುಗಳ ಪಕ್ಕದಲ್ಲಿ ಅಪ್ಪನದರಿಂದ ಹಿಡಿದು ಈಗಷ್ಟೇ ನಡೆಯಲು ಕಲಿತ ಮಗುವಿನದರ ತನಕ ಇಳಿಯುತ್ತ ಹೋಗುವ ಕರಿಯ ಪ್ಯಾಂಟುಗಳು. ಹಗ್ಗ ನೋಡಿದರೆ ಮನೆಯಲ್ಲಿ ಮಕ್ಕಳೆಷ್ಟು, ಗಂಡೆಷ್ಟು, ಹೆಣ್ಣೆಷ್ಟು ಎಂದು ಲೆಕ್ಕ ಹಾಕಬಹುದು. ಬಣ್ಣದ ಉಡುಪುಗಳೆಲ್ಲ ಹೋಗಿ ಹೆಂಗಸರ ಬಟ್ಟೆ ಬರೀ ಕಪ್ಪಾಗಿದ್ದರೆ ಅದು ಸಾವಾದ ಮನೆ. ಹತ್ತಿರದವರು ತೀರಿಕೊಂಡರೆ ವರ್ಷವಿಡೀ ಕಪ್ಪು, ನಂಟಸ್ತಿಕೆ ದೂರವಾದಂತೆ ಅವಧಿಯೂ ಕಡಿಮೆ.

ಅಮೆರಿಕದ ಪೂರ್ವ ಕರಾವಳಿಯಲ್ಲಿ ಮಗನೋ ಮಗಳೋ ಇರುವ ಕನ್ನಡದ ತಾಯಿತಂದೆಯರು ನಯಾಗರ, ವಾಷಿಂಗ್ಟನ್ ಮುಗಿಸಿ ಮುಂದಿನ ವಾರಾಂತ್ಯಕ್ಕೆ ಬಂದು ತಲುಪುವ ಜಾಗ ಇದು. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ, ಫಿಲಡೆಲ್ಫಿಯಾದಿಂದ ಪಶ್ಚಿಮಕ್ಕೆ ಸುಮಾರು ನೂರು ಕಿಲೋಮೀಟರ್. ಹೆದ್ದಾರಿ ಬಿಟ್ಟು 340ನೇ ನಂಬರಿನ ಹಳೆಯ ರಸ್ತೆಗೆ ಇಳಿದರೆ ಇಂಟರ್‌ಕೋರ್ಸ್, ಬರ್ಡ್-ಇನ್-ಹ್ಯಾಂಡ್ ಎಂಬ ಊರುಗಳು. (ಮೊದಲನೆಯ ಊರಿನ ಬೋರ್ಡಿನ ಮುಂದೆ ಹಲ್ಲುಕಿರಿದು ಫೋಟೊ ತೆಗೆಸಿಕೊಳ್ಳುವ ಗುಂಪು ಯಾವಾಗಲೂ ಇರುತ್ತದೆ; ಅವರನ್ನು ದಾಟಿ ಮುಂದೆ ಹೋಗೋಣ.) ಮೆಕ್ಕೆಜೋಳ, ಹೊಗೆಸೊಪ್ಪಿನ ಹೊಲಗಳು, ಹಾಲಿನ ದನಗಳು, ಹೇಸರಗತ್ತೆ ಕಟ್ಟಿ ಉಳುವ ರೈತರು, ರಸ್ತೆಯ ಅಂಚಿನಲ್ಲಿ ಟಕಟಕ ಓಡುವ ಬೂದು ಬಣ್ಣದ ಕುದುರೆಗಾಡಿಗಳು. ಅವಕ್ಕೆ ಅಲ್ಲಿ ಬಗ್ಗಿ ಎನ್ನುತ್ತಾರೆ. ಇದನ್ನೆಲ್ಲ ನೋಡುತ್ತ ಕಾರಿನಲ್ಲಿ ಕೂತವರ ಬಾಯಲ್ಲಿ ಬರುವ ಮೊದಲ ಮಾತು ಒಂದೇ: ಇನ್ನೂರು ವರ್ಷ ಹಿಂದಕ್ಕೆ ಹೋದ ಹಾಗಾಯಿತು. ನಾನೂ ಅದನ್ನು ಕೇಳಿಕೊಂಡೇ ಹೋದವಳು. ಅಲ್ಲಿ ನೋಡಿದ ಮೇಲೆ, ಅದಕ್ಕೆ ಸಂಬಂಧಪಟ್ಟದ್ದನ್ನು ಓದಿದ ಮೇಲೆ, ಆ ಮಾತಿನಷ್ಟು ದಾರಿ ತಪ್ಪಿಸುವ ಮಾತು ಇನ್ನೊಂದಿಲ್ಲ ಅನ್ನಿಸಿದೆ. ಇಲ್ಲಿನ ಈ ರೈತರು ಅಮಿಷರು ಎಂಬ ಕ್ರೈಸ್ತ ಪಂಗಡದವರು; ಅವರ ಬಟ್ಟೆ ಹಳೆಯ ಕಾಲದಿಂದ ಉಳಿದುಬಂದದ್ದಲ್ಲ. ಅದು ಪ್ರತಿ ವರ್ಷ ಹೊಸದಾಗಿ ತೀರ್ಮಾನವಾಗುವ ಸಂಗತಿ.

ಮೊದಲು ಹೆಂಗಸರ ಉಡುಪು, ಏಕೆಂದರೆ ಕಟ್ಟುಪಾಡು ಹೆಚ್ಚಿರುವುದು ಅಲ್ಲೇ. ಒಂದೇ ಬಣ್ಣದ, ಮೊಣಕಾಲಿನ ಕೆಳಗೆ ಬಹಳ ಇಳಿಯುವ ಉದ್ದನೆಯ ಫ್ರಾಕು. ಅದರ ಮೇಲೆ ಹೆಗಲಿನಿಂದ ಎದೆಗೆ ಇಳಿದು ಸೊಂಟದ ಹತ್ತಿರ ಸೇರುವ ಇನ್ನೊಂದು ಬಟ್ಟೆ, ಕೇಪ್. ಮೈಯ ಆಕಾರ ಎದ್ದುಕಾಣಬಾರದೆಂದು ಅದು. ಅದರ ಮೇಲೆ ಏಪ್ರನ್. ಏಪ್ರನ್ ಎಂದಕೂಡಲೇ ಅಡುಗೆಮನೆ ನೆನಪಾಗುತ್ತದೆ, ಆದರೆ ಇಲ್ಲಿ ಪ್ರಾರ್ಥನೆಗೆ ಹೋಗುವಾಗಲೂ ಅದು ಬೇಕು. ಇಷ್ಟನ್ನೂ ಮೈಮೇಲೆ ನಿಲ್ಲಿಸುವುದು ಗುಂಡುಸೂಜಿಗಳು. ಗುಂಡಿ ಇಲ್ಲ, ಜಿಪ್ ಇಲ್ಲ. ತಲೆಕೂದಲಿಗೆ ಹುಟ್ಟಿದಾಗಿನಿಂದ ಕತ್ತರಿ ಮುಟ್ಟಿಸಿರುವುದಿಲ್ಲ; ನಡುಬೈತಲೆ ತೆಗೆದು, ಹಿಂದಕ್ಕೆ ಬಿಗಿದು, ತುರುಬು ಕಟ್ಟಿ, ಅದರ ಮೇಲೆ ಕಾಪ್ ಎಂಬ ಬಿಳಿಯ ತೆಳು ಟೊಪ್ಪಿ. ಪ್ರಾರ್ಥಿಸುವ ಹೆಂಗಸು ತಲೆ ಮುಚ್ಚಿಕೊಳ್ಳಬೇಕೆಂದು ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿದೆ. ಪ್ರಾರ್ಥನೆ ಯಾವ ಗಳಿಗೆಯಲ್ಲಾದರೂ ಬರಬಹುದಾದ್ದರಿಂದ ಟೊಪ್ಪಿ ದಿನವಿಡೀ ತಲೆಯ ಮೇಲೆಯೇ. ಹೊರಗೆ ಹೊರಟಾಗ ಅದರ ಮೇಲೊಂದು ಕರಿಯ ಬಾನೆಟ್.

ಈ ಕಾಪ್ ಇದೆಯಲ್ಲ, ಅಮಿಷರು ಒಬ್ಬರನ್ನೊಬ್ಬರು ಗುರುತಿಸುವುದು ಅದರಿಂದಲೇ. ಲ್ಯಾಂಕಾಸ್ಟರಿನದು ಹಿಂದಿನಿಂದ ನೋಡಿದರೆ ಹೃದಯದ ಆಕಾರ. ಒಹಾಯೊ, ಇಂಡಿಯಾನಾ ಕಡೆಯದು ಸಣ್ಣ ಸಣ್ಣ ನೆರಿಗೆ ಹಿಡಿದು ಇಸ್ತ್ರಿಯಲ್ಲಿ ಗಟ್ಟಿ ಮಾಡಿದ್ದು. ನೆರಿಗೆಯ ಅಗಲ, ಲಾಡಿಯ ಉದ್ದ, ಕಿವಿ ಎಷ್ಟು ಮುಚ್ಚುತ್ತದೆ ಎಂಬುದು, ಎಲ್ಲವೂ ಏನಾದರೊಂದು ಹೇಳುತ್ತದೆ. ನಮಗೆ ಎಲ್ಲ ಬಿಳಿ ಟೊಪ್ಪಿಯೂ ಒಂದೇ. ಸಂತೆಯಲ್ಲಿ ನಿಂತ ಅಮಿಷ್ ಹೆಂಗಸು ಮಾತ್ರ ಎದುರು ಬಂದವಳು ಯಾವ ರಾಜ್ಯದವಳು, ಅವಳ ಸಭೆ ಎಷ್ಟು ಬಿಗಿಯದು ಎಂಬುದನ್ನು ಟೊಪ್ಪಿ ನೋಡಿಯೇ ಹೇಳಬಲ್ಲಳು.

ಮದುವೆಯಾಗದ ಹುಡುಗಿ ಲ್ಯಾಂಕಾಸ್ಟರಿನಲ್ಲಿ ಪ್ರಾರ್ಥನೆಗೆ ಹೋಗುವಾಗ ಬಿಳಿಯ ಕೇಪ್, ಬಿಳಿಯ ಏಪ್ರನ್ ತೊಡುತ್ತಾಳೆ. ಮದುವೆಯ ಉಡುಪು ಸಾಮಾನ್ಯವಾಗಿ ನೀಲಿ, ಅದನ್ನು ಅವಳೇ ಹೊಲಿದುಕೊಳ್ಳುತ್ತಾಳೆ. ಸುಗ್ಗಿ ಮುಗಿದ ಮೇಲೆ, ಹೆಚ್ಚಾಗಿ ನವೆಂಬರಿನ ಮಂಗಳವಾರ ಅಥವಾ ಗುರುವಾರ ಮದುವೆ. ಉಂಗುರವಿಲ್ಲ, ಹೂಗುಚ್ಛವಿಲ್ಲ, ಊಟದ ಮೇಜಿನ ಮೇಲೆ ಹೂವಿನ ಬದಲು ಜಾಡಿಗಳಲ್ಲಿ ನಿಲ್ಲಿಸಿದ ಸೆಲೆರಿ ಸೊಪ್ಪು. ಆ ನೀಲಿ ಉಡುಪು ಮುಂದೆ ಭಾನುವಾರಗಳಂದು ಬಳಕೆಗೆ ಬರುತ್ತದೆ. ಆದರೆ ಮದುವೆಯ ದಿನ ತೊಟ್ಟ ಬಿಳಿಯ ಕೇಪ್ ಮತ್ತು ಏಪ್ರನ್ನನ್ನು ಮಡಿಸಿ ಎತ್ತಿಡುತ್ತಾರೆ. ಅವನ್ನು ಮತ್ತೆ ತೆಗೆಯುವುದು ಅವಳು ಸತ್ತ ದಿನ, ಶವಕ್ಕೆ ತೊಡಿಸಲು. ಇಪ್ಪತ್ತರ ಹುಡುಗಿ ತನ್ನ ಕಡೆಯ ಬಟ್ಟೆಯನ್ನು ತಾನೇ ಹೊಲಿದು, ತಾನೇ ಪೆಟ್ಟಿಗೆಯಲ್ಲಿಟ್ಟು, ಐವತ್ತು ಅರವತ್ತು ವರ್ಷ ಅದರ ಜೊತೆಗೆ ಬಾಳುತ್ತಾಳೆ.

ಬರ್ಡ್-ಇನ್-ಹ್ಯಾಂಡಿನ ಆಚೆ ಒಂದು ಬಟ್ಟೆ ಅಂಗಡಿಗೆ ಹೋಗಿದ್ದೆ. ಹೊರಗೆ ಬಗ್ಗಿ ಕಟ್ಟುವ ಗೂಟ, ಒಳಗೆ ಛಾವಣಿಯ ಗಾಜಿನಿಂದ ಬೀಳುವ ಬೆಳಕು, ಸಾಲುಸಾಲು ಥಾನುಗಳು. ನಾನು ಸೀರೆಯುಟ್ಟಿದ್ದೆ. ಗಲ್ಲಾದ ಹಿಂದೆ ಕೂತಿದ್ದ ನಡುವಯಸ್ಸಿನ ಹೆಂಗಸು ನನ್ನ ಮುಖ ನೋಡಲಿಲ್ಲ. ಹೆಗಲಿನ ಮೇಲೆ ಸೆರಗಿಗೆ ಚುಚ್ಚಿದ್ದ ಪಿನ್ನನ್ನು ನೋಡಿದರು. ಎಷ್ಟು ಗಜದ ಬಟ್ಟೆ, ಎಷ್ಟು ಪಿನ್ನು ಎಂದು ಕೇಳಿದರು. ಆರು ಗಜದಷ್ಟು, ಎರಡೋ ಮೂರೋ ಪಿನ್ನು, ಅಭ್ಯಾಸವಿದ್ದವರಿಗೆ ಅದೂ ಬೇಡ ಎಂದೆ. ಹೊಲಿಗೆಯೇ ಇಲ್ಲವೇ ಎಂದರು. ಇಲ್ಲ ಎಂದೆ. ಸೊಂಟದ ನೆರಿಗೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ, ದರ್ಜಿ ಕೆಲಸ ಬಲ್ಲವರು ಮೆಚ್ಚುವ ಹಾಗೆ ತಲೆಯಾಡಿಸಿದರು. ಮಕ್ಕಳನ್ನು ಎತ್ತಿಕೊಂಡಾಗ ಸೂಜಿ ಚುಚ್ಚುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, ಚುಚ್ಚುವವಳು ಇನ್ನೂ ಸರಿಯಾಗಿ ಹಾಕಿಕೊಳ್ಳಲು ಕಲಿತಿಲ್ಲ ಎಂದಷ್ಟೇ ಹೇಳಿದರು. ಗಂಡಸರು ಇಂಥ ಮಾತಿನ ಹತ್ತಿರಕ್ಕೂ ಬರುವುದಿಲ್ಲವಾದ್ದರಿಂದ ಅಮಿಷರ ಬಗ್ಗೆ ಗಂಡಸರು ಬರೆದ ಪುಸ್ತಕಗಳಲ್ಲಿ ಈ ಉತ್ತರ ನನಗೆಲ್ಲೂ ಸಿಕ್ಕಿರಲಿಲ್ಲ.

ಅದೇ ಅಂಗಡಿಯಲ್ಲಿ ಕಂಡ ಇನ್ನೊಂದು ಸಂಗತಿ: ಆ ಥಾನುಗಳಲ್ಲಿ ಬಹುಪಾಲು ಪಾಲಿಯೆಸ್ಟರ್. ಕೈಯಿಂದ ನೂತದ್ದು, ಮನೆಯಲ್ಲಿ ನೇಯ್ದದ್ದು ಎಂದೆಲ್ಲ ಕಲ್ಪಿಸಿಕೊಂಡು ಹೋದವರಿಗೆ ನಿರಾಸೆ ಖಚಿತ. ಬಣ್ಣ ಮಾಸುವುದಿಲ್ಲ, ಬೇಗ ಒಣಗುತ್ತದೆ, ಇಸ್ತ್ರಿ ಬೇಡ. ಆರೇಳು ಮಕ್ಕಳ ಮನೆಯಲ್ಲಿ, ಕರೆಂಟಿನ ಇಸ್ತ್ರಿಪೆಟ್ಟಿಗೆ ಇಲ್ಲದ ಕಡೆ, ಇದಕ್ಕಿಂತ ದೊಡ್ಡ ವರ ಏನಿದೆ? ಅಮಿಷರು ಗಾಂಧಿಯ ಶಿಷ್ಯರಲ್ಲ. ಬಟ್ಟೆ ಎಲ್ಲಿ ತಯಾರಾಯಿತು, ಯಾವ ನೂಲಿನದು ಎಂಬುದು ಅವರ ಪ್ರಶ್ನೆಯೇ ಅಲ್ಲ. ಅದನ್ನು ತೊಟ್ಟವಳು ಪಕ್ಕದವಳಿಗಿಂತ ಬೇರೆಯಾಗಿ ಕಾಣುತ್ತಾಳೆಯೇ ಎಂಬುದೊಂದೇ ಪ್ರಶ್ನೆ. ಕಾಲಿಗೆ ಮಾಲ್‌ನಲ್ಲಿ ಕೊಂಡ ಓಟದ ಬೂಟು ಇರಬಹುದು. ಶಾಲೆಗೆ ನೂಕುಸ್ಕೂಟರ್ ಮೇಲೆ ಹೋಗುವ ಮಕ್ಕಳ ಬೆನ್ನಿಗೆ ಕಣ್ಣು ಕುಕ್ಕುವ ಹಳದಿಹಸಿರು ಜಾಕೆಟ್ಟು ಇರುತ್ತದೆ, ಕಾರಿನವರಿಗೆ ಕಾಣಲೆಂದು. ಜೋರು ಬಣ್ಣ ಕೂಡದು ಎನ್ನುವ ಸಭೆಯೇ ಜೀವ ಉಳಿಸುವ ಬಣ್ಣಕ್ಕೆ ಒಪ್ಪಿದೆ.

ಗಂಡಸರ ಬಟ್ಟೆಯಲ್ಲಿ ಓದಲು ಸಿಗುವುದು ಕಡಿಮೆ, ಆದರೆ ಅದರ ಹಿಂದಿನ ಕಥೆ ದೊಡ್ಡದು. ಬೇಸಿಗೆಯಲ್ಲಿ ಹುಲ್ಲಿನ ಟೋಪಿ, ಚಳಿಗಾಲದಲ್ಲಿ ಕರಿಯ ಫೆಲ್ಟ್ ಟೋಪಿ. ಬೆಲ್ಟ್ ಇಲ್ಲ, ಹೆಗಲಿನ ಮೇಲಿಂದ ಇಳಿಯುವ ಪಟ್ಟಿಗಳೇ ಪ್ಯಾಂಟನ್ನು ಹಿಡಿಯಬೇಕು. ಪ್ಯಾಂಟಿನ ಮುಂಭಾಗ ಒಂದು ಅಗಲ ಕದ ತೆರೆದ ಹಾಗೆ ಕೆಳಕ್ಕೆ ಬೀಳುತ್ತದೆ. ಅದಕ್ಕೂ ಅಂಗಿಗೂ ಗುಂಡಿ ಇರಬಹುದು. ಪ್ರಾರ್ಥನೆಯ ದಿನದ ಕರಿಯ ಕೋಟಿಗೂ ಒಳಗಿನ ವೇಸ್ಟ್‌ಕೋಟಿಗೂ ಮಾತ್ರ ಗುಂಡಿ ಕೂಡದು. ಕೋಟಿಗೆ ಮಡಚಿದ ಕಾಲರೂ ಇಲ್ಲ, ಹೊರಜೇಬೂ ಇಲ್ಲ. ಅದನ್ನು ಮುಚ್ಚುವುದು ಒಳಗೆ ಹೊಲಿದ ಹುಕ್ಕುಗಳು. ಮದುವೆಯಾಗುವವರೆಗೆ ಇಲ್ಲಿನ ಹುಡುಗರು ಗಡ್ಡ ಬೋಳಿಸುತ್ತಾರೆ, ಮದುವೆಯಾದ ಮೇಲೆ ಗಡ್ಡ ಇಳಿಬಿಡುತ್ತಾರೆ. ಮೀಸೆಯನ್ನು ಮಾತ್ರ ಯಾವತ್ತೂ ಬಿಡುವುದಿಲ್ಲ.

ಕೋಟಿಗೆ ಗುಂಡಿ ಏಕೆ ಕೂಡದು, ಮೀಸೆ ಏಕೆ ಕೂಡದು? ಎರಡಕ್ಕೂ ಕೊಡುವ ಉತ್ತರ ಒಂದೇ: ಸಿಪಾಯಿ. ಹಳೆಯ ಯೂರೋಪಿನಲ್ಲಿ ಸಾಲು ಗುಂಡಿ ಹೊಳೆಯುತ್ತಿದ್ದದ್ದು ಸಮವಸ್ತ್ರದ ಮೇಲೆ, ಹುರಿ ಮಾಡಿದ ಮೀಸೆ ಮೆರೆಯುತ್ತಿದ್ದದ್ದು ಸೈನಿಕರ ಮುಖದ ಮೇಲೆ. ಅಮಿಷರ ಪೂರ್ವಿಕರು 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಶುರುವಾದ ಒಂದು ಪಂಥದವರು. ಮಗುವಿಗೆ ತಿಳಿಯದೆ ಕೊಡುವ ದೀಕ್ಷಾಸ್ನಾನ ದೀಕ್ಷೆಯೇ ಅಲ್ಲ, ಬುದ್ಧಿ ಬಂದ ಮೇಲೆ ತಾನೇ ಕೇಳಿ ಪಡೆಯಬೇಕು. ಕತ್ತಿ ಹಿಡಿಯಬಾರದು, ಆಣೆ ಇಡಬಾರದು ಎಂದವರು. 1527ರಲ್ಲಿ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಜ್‌ನನ್ನು ಅಲ್ಲಿನ ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ಎರಡನೆಯ ದೀಕ್ಷೆಯ ನೀರು ಬೇಕೆಂದವನಿಗೆ ನೀರಿನಲ್ಲೇ ಶಿಕ್ಷೆ. ಅಲ್ಲಿಂದ ಮುಂದೆ ಅವರನ್ನು ಬೇಟೆಯಾಡಿದವರು ಸಮವಸ್ತ್ರದವರೇ.

1693ರಲ್ಲಿ ಈ ಪಂಥ ಒಳಗೇ ಒಡೆಯಿತು. ಒಡೆದವನು ಯಾಕೋಬ್ ಅಮ್ಮಾನ್, ಅವನ ಹೆಸರೇ ಇವರಿಗೆ ಅಂಟಿತು. ಸಭೆಯಿಂದ ಹೊರಬಿದ್ದವನ ಜೊತೆ ಊಟ ಮಾಡಬಹುದೇ ಕೂಡದೇ ಎಂಬುದು ಜಗಳದ ತಿರುಳಾಗಿತ್ತು. ಕೂಡದು ಎಂದ ಅಮ್ಮಾನ್ ಗಡ್ಡದ ಬಗ್ಗೆಯೂ ಆಡಂಬರದ ಬಟ್ಟೆಯ ಬಗ್ಗೆಯೂ ಅಷ್ಟೇ ಬಿಗಿ ಹಿಡಿದ. ಅವನ ಕಸುಬು ಏನು ಗೊತ್ತೇ? ದರ್ಜಿ. ಅಪ್ಪನೂ ಅದೇ ಕಸುಬಿನವನು. ಒಂದು ಪಂಗಡದ ಬಟ್ಟೆಯ ಹೊಲಿಗೆ ಮೂರು ಶತಮಾನವಾದರೂ ಇಷ್ಟು ಗಟ್ಟಿಯಾಗಿ ನಿಂತಿದ್ದರೆ ಅದರ ಹಿಂದೆ ಒಬ್ಬ ಒಳ್ಳೆಯ ದರ್ಜಿ ಇದ್ದ ಎಂದು ಭಾವಿಸಲು ನನಗಂತೂ ಇಷ್ಟ. ಅಮ್ಮಾನ್‌ನ ಕಡೆಯವರು ಹುಕ್ಕಿನವರು, ಎದುರು ಪಕ್ಷದವರು ಗುಂಡಿಯವರು ಎಂದು ಜನ ಕರೆದರಂತೆ.

1737ರಲ್ಲಿ ಚಾರ್ಮಿಂಗ್ ನ್ಯಾನ್ಸಿ ಎಂಬ ಹಡಗಿನಲ್ಲಿ ಹಲವು ಅಮಿಷ್ ಕುಟುಂಬಗಳು ಫಿಲಡೆಲ್ಫಿಯಾಕ್ಕೆ ಬಂದಿಳಿದವು. ಧರ್ಮದ ಕಾರಣಕ್ಕೆ ಯಾರನ್ನೂ ಹಿಂಸಿಸುವುದಿಲ್ಲ ಎಂದು ವಿಲಿಯಂ ಪೆನ್ ಕಟ್ಟಿದ ವಸಾಹತು ಅದು. ಆಗ ಅವರನ್ನು ಬಟ್ಟೆಯಿಂದ ಗುರುತಿಸುವುದು ಅಷ್ಟು ಸುಲಭವಿರಲಿಲ್ಲ, ಅಕ್ಕಪಕ್ಕದ ಜರ್ಮನ್ ರೈತರೂ ಹೆಚ್ಚುಕಡಿಮೆ ಹಾಗೆಯೇ ಉಡುತ್ತಿದ್ದರು. ಪೆನ್‌ನ ಮತದವರಾದ ಕ್ವೇಕರರೂ ಸಾದಾ ಬಟ್ಟೆಯವರೇ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಲಿಗೆಯಂತ್ರ ಬಂತು, ಸಿದ್ಧ ಉಡುಪು ಬಂತು, ವರ್ಷಕ್ಕೊಂದು ಫ್ಯಾಷನ್ ಬಂತು. ರೈತರು ಬದಲಾದರು, ಕ್ವೇಕರರೂ ಬಿಟ್ಟರು. ಇವರು ಬಿಡುವುದಿಲ್ಲ ಎಂದು ಕೂತರು. ಹಾಗೆ ಕೂತ ಮೇಲೆಯೇ ಈ ಬಟ್ಟೆ ಅಮಿಷರ ಬಟ್ಟೆಯಾದದ್ದು. ಯೂರೋಪಿನಲ್ಲಿ ಉಳಿದವರ ಕಥೆ ಬೇರೆ: ಅವರು ಸುತ್ತಲಿನವರಲ್ಲಿ ಬೆರೆಯುತ್ತ ಹೋದರು, ಜರ್ಮನಿಯ ಇಕ್ಸ್‌ಹೈಮ್‌ನ ಕೊನೆಯ ಸಭೆ 1937ರಲ್ಲಿ ಪಕ್ಕದ ಮೆನೊನೈಟರ, ಅಂದರೆ ಅದೇ ಮೂಲ ಪಂಥದ ಇನ್ನೊಂದು ಕವಲಿನವರ ಜೊತೆ ಒಂದಾಯಿತು. ಈಗ ಆ ಖಂಡದಲ್ಲಿ ಅಮಿಷರಿಲ್ಲ.

ಬಟ್ಟೆಗಾಗಿ ಇಷ್ಟು ಹಟವೇ ಎಂದು ಕೇಳುವವರಿಗೆ ಇವರ ದಾಯಾದಿಗಳಾದ ಹಟರೈಟರ ಒಂದು ಘಟನೆ ಹೇಳಬೇಕು. ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ ಕಡ್ಡಾಯ ಸೈನ್ಯಸೇವೆ ಬಂತು. ದಕ್ಷಿಣ ಡಕೋಟಾದಿಂದ ಹೋಫರ್ ಮನೆತನದ ಮೂವರು ಅಣ್ಣತಮ್ಮಂದಿರನ್ನೂ ಅವರ ಬಂಧು ಜೇಕಬ್ ವಿಪ್ಫ್‌ನನ್ನೂ 1918ರಲ್ಲಿ ಕರೆದೊಯ್ದರು. ಬಂದೂಕು ಹಿಡಿಯುವ ಮಾತು ಹಾಗಿರಲಿ, ಸಮವಸ್ತ್ರವನ್ನೇ ತೊಡುವುದಿಲ್ಲ ಎಂದರು. ಇಪ್ಪತ್ತು ವರ್ಷ ಶಿಕ್ಷೆಯಾಯಿತು. ಆಲ್ಕಟ್ರಾಜ್ ದ್ವೀಪದ ಸೆರೆಮನೆಯಲ್ಲಿ ಅವರನ್ನು ಒಳಉಡುಪಿನಲ್ಲಿ ತಣ್ಣನೆಯ ಕತ್ತಲ ಕೋಣೆಗೆ ತಳ್ಳಿ, ಸಮವಸ್ತ್ರವನ್ನು ಮಡಿಸಿ ಪಕ್ಕದಲ್ಲಿಟ್ಟರು. ತೊಟ್ಟರೆ ಬೆಚ್ಚಗಿರಬಹುದು. ಅವರು ಮುಟ್ಟಲಿಲ್ಲ. ಯುದ್ಧ ಮುಗಿದ ಮೇಲೆ ಕಾನ್ಸಾಸ್‌ನ ಲೆವನ್‌ವರ್ತ್ ಸೆರೆಮನೆಗೆ ಸಾಗಿಸಿದರು. ಅಲ್ಲಿ ಜೋಸೆಫ್ ನವೆಂಬರ್ ಕೊನೆಗೆ, ಮೈಕೇಲ್ ಡಿಸೆಂಬರ್ ಮೊದಲಿಗೆ ಸತ್ತರು. ಜೋಸೆಫ್‌ನ ಹೆಂಡತಿ ಹಟ ಹಿಡಿದು ಶವಪೆಟ್ಟಿಗೆ ತೆರೆಸಿದಾಗ ಕಂಡದ್ದು, ಬದುಕಿದ್ದಾಗ ತೊಡಲು ಒಪ್ಪದಿದ್ದ ಸಮವಸ್ತ್ರವನ್ನು ಸತ್ತ ಮೇಲೆ ಅವನಿಗೆ ತೊಡಿಸಿದ್ದರು. ಒಂದು ಸರಕಾರ ಸೋತದ್ದು ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ನನಗೆ ಗೊತ್ತಿಲ್ಲ.

ಇನ್ನು ಮೊದಲು ಹೇಳಿದ ತೀರ್ಮಾನದ ವಿಷಯ. ಅಮಿಷರಿಗೆ ಪೋಪ್ ಇಲ್ಲ, ಕೇಂದ್ರ ಕಚೇರಿ ಇಲ್ಲ, ಚರ್ಚಿನ ಕಟ್ಟಡವೂ ಇಲ್ಲ. ಮೂವತ್ತರ ಆಸುಪಾಸು ಕುಟುಂಬಗಳು ಸೇರಿದರೆ ಒಂದು ಸಭೆ, ವಾರ ಬಿಟ್ಟು ವಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ಬದುಕಿನ ಕಟ್ಟಳೆಗಳಿಗೆ ಒರ್ಡ್‌ನುಂಗ್ ಎನ್ನುತ್ತಾರೆ, ಬಹುಪಾಲು ಬರೆದಿಟ್ಟದ್ದಲ್ಲ. ವರ್ಷಕ್ಕೆ ಎರಡು ಸಲ, ವಸಂತದಲ್ಲೂ ಶರತ್ಕಾಲದಲ್ಲೂ, ಪ್ರಭುವಿನ ಭೋಜನದ ಆಚರಣೆಗೆ ಮೊದಲು ಇಡೀ ಸಭೆ ಕೂತು ಈ ಕಟ್ಟಳೆಗಳಿಗೆ ನಾವೆಲ್ಲ ಒಪ್ಪಿದ್ದೇವೆಯೇ ಎಂದು ಒಬ್ಬೊಬ್ಬರನ್ನೂ ಕೇಳುತ್ತಾರೆ. ಒಮ್ಮತವಿಲ್ಲದಿದ್ದರೆ ಭೋಜನವೇ ಮುಂದಕ್ಕೆ ಹೋಗಬಹುದು. ಟೋಪಿಯ ಅಂಚು ಎಷ್ಟಿರಬೇಕು, ಉಡುಪು ಎಷ್ಟು ಉದ್ದ ಎಂಬುದು ಹೀಗೆ ಆರು ತಿಂಗಳಿಗೊಮ್ಮೆ ಹೊಸದಾಗಿ ಒಪ್ಪಿಗೆ ಪಡೆಯುತ್ತದೆ.

ಸಭೆ ಸಭೆಗೆ ಕಟ್ಟಳೆ ಬೇರೆಯಾಗುವುದರಿಂದ ಹುಟ್ಟುವ ವಿಚಿತ್ರಗಳನ್ನು ನೋಡಬೇಕಾದರೆ ಲ್ಯಾಂಕಾಸ್ಟರ್ ಬಿಟ್ಟು ಅದೇ ರಾಜ್ಯದ ಮಿಫ್ಲಿನ್ ಕೌಂಟಿಯ ಕಣಿವೆಗೆ ಹೋಗಬೇಕು. ಕಿಷಾಕೊಕ್ವಿಲಸ್ ಎಂಬ ನಾಲಗೆ ತೊಡರುವ ಹೆಸರಿನ ಆ ಕಣಿವೆಯನ್ನು ಜನ ಬಿಗ್ ವ್ಯಾಲಿ ಎನ್ನುತ್ತಾರೆ. ಅಲ್ಲಿ ಮೂರು ಬಗೆಯ ಅಮಿಷರು ಬೇಲಿಗೆ ಬೇಲಿ ತಾಗಿಸಿಕೊಂಡಿದ್ದಾರೆ. ಬಿಳಿಯ ಮುಚ್ಚಿಗೆಯ ಬಗ್ಗಿಯವರಿಗೆ ನೆಬ್ರಾಸ್ಕಾ ಅಮಿಷರೆಂದು ಹೆಸರು. ಅವರ ಗಂಡಸರಿಗೆ ಹೆಗಲಪಟ್ಟಿಯೇ ಕೂಡದು, ಹೆಂಗಸರಿಗೆ ಬಾನೆಟ್ ಬದಲು ಚಪ್ಪಟೆ ಹುಲ್ಲಿನ ಟೋಪಿ. ಹಳದಿ ಬಗ್ಗಿಯ ಬೈಲರ್ ಗುಂಪಿನವರಿಗೂ ಕರಿಯ ಬಗ್ಗಿಯ ರೆನೊ ಗುಂಪಿನವರಿಗೂ ಒಂದೇ ಪಟ್ಟಿ, ಒಂದು ಹೆಗಲಿನ ಮೇಲೆ ಮಾತ್ರ. ಲ್ಯಾಂಕಾಸ್ಟರಿನವರಿಗೆ ಎರಡು. ಒಂದು ಪಟ್ಟಿಯೋ ಎರಡೋ ಎಂದು ಸಭೆಗಳು ಒಡೆದ ಕಥೆ ಕೇಳಿ ನಗುವುದು ಸುಲಭ. ಆದರೆ ಒಂದು ಪಟ್ಟಿಯಲ್ಲೇ ಪ್ಯಾಂಟು ನಿಲ್ಲುತ್ತದೆ ಎಂದ ಮೇಲೆ ಎರಡನೆಯದು ಯಾರಿಗಾಗಿ ಎಂಬುದು ಒಳ್ಳೆಯ ಪ್ರಶ್ನೆಯೇ. ಅಂದಹಾಗೆ ಲ್ಯಾಂಕಾಸ್ಟರಿನಲ್ಲಿ ಸಣ್ಣ ಹೂವಿನ ಬಟ್ಟೆ, ಬಿಳಿ ಟೊಪ್ಪಿ ತೊಟ್ಟು ಸೈಕಲ್ ಮೇಲೆ ಹೋಗುವ ಹೆಂಗಸನ್ನು ಕಂಡರೆ ಅವರು ಅಮಿಷರಲ್ಲ, ಹಳೆಯ ಕಟ್ಟಳೆಯ ಮೆನೊನೈಟರು. ಅವರ ಬಗ್ಗಿ ಕಪ್ಪು.

ಎಲ್ಲರೂ ಒಂದೇ ಥರ ಉಟ್ಟರೆ ಹೆಮ್ಮೆಗೆ ಜಾಗವಿರುವುದಿಲ್ಲ ಎಂಬುದು ಇವರ ನಂಬಿಕೆ. ನನಗೆ ಅದು ಪೂರ್ತಿ ನಿಜವೆನಿಸಲಿಲ್ಲ. ಹೆಮ್ಮೆ ಸಣ್ಣ ಸಂದಿಯಲ್ಲೂ ನುಸುಳುತ್ತದೆ. ಕಾಪ್‌ನ ನೆರಿಗೆ ಯಾರದು ಎಷ್ಟು ಸಮ, ಏಪ್ರನ್ನಿನ ಬಟ್ಟೆ ಯಾರದು ಎಷ್ಟು ನಯ, ಟೊಪ್ಪಿ ಹಣೆಯಿಂದ ಒಂದು ಬೆರಳು ಹಿಂದಕ್ಕೆ ಸರಿದಿದೆಯೇ ಎಂದು ನೋಡುವ ಕಣ್ಣುಗಳು ಅಲ್ಲೂ ಇವೆ. ಸಭೆಯ ಹಿರಿಯರು ಆಗಾಗ ಟೊಪ್ಪಿ ಕಿರಿದಾಗುತ್ತಿದೆ, ಕೇಪ್ ಬಿಗಿಯಾಗುತ್ತಿದೆ ಎಂದು ಎಚ್ಚರಿಸಬೇಕಾಗುತ್ತದೆ ಎಂದರೆ ಹಾಗೆ ಮಾಡುವವರು ಇದ್ದಾರೆ ಎಂದೇ ಅರ್ಥ. ನನ್ನ ದೊಡ್ಡ ತಕರಾರು ಬೇರೆ. ಹೊಲದ ಕೆಲಸ ಬಿಟ್ಟು ಮರಗೆಲಸ, ಕಟ್ಟಡದ ಗುತ್ತಿಗೆಗೆ ಇಳಿದ ಅಮಿಷ್ ಗಂಡಸನ್ನು ಟೋಪಿ ತೆಗೆದರೆ ದೂರದಿಂದ ಬೇರೆ ಕೆಲಸಗಾರರಿಂದ ಬೇರ್ಪಡಿಸುವುದು ಕಷ್ಟ. ಹೆಂಗಸು ಮಾತ್ರ ತಲೆಯಿಂದ ಹಿಮ್ಮಡಿಯ ತನಕ ಇಡೀ ಸಮುದಾಯದ ಗುರುತನ್ನು ಹೊತ್ತು ನಡೆಯಬೇಕು. ಬಿಷಪ್, ಬೋಧಕ, ಡೀಕನ್ ಎಲ್ಲರೂ ಗಂಡಸರೇ. ಸಭೆಯಲ್ಲಿ ಹೆಂಗಸರಿಗೂ ಮತವಿದೆ ನಿಜ. ಆದರೆ ವಿಷಯವನ್ನು ಸಭೆಯ ಮುಂದೆ ತರುವವರು ಯಾರು?

ಮಕ್ಕಳ ವಿಷಯಕ್ಕೆ ಬಂದರೆ, ಹದಿನಾರು ತುಂಬಿದ ಮೇಲೆ ದೀಕ್ಷೆಯ ತನಕ ಹುಡುಗ ಹುಡುಗಿಯರಿಗೆ ಸ್ವಲ್ಪ ಸಡಿಲ. ರುಮ್‌ಸ್ಪ್ರಿಂಗಾ ಎನ್ನುವ ಆ ವರ್ಷಗಳ ಬಗ್ಗೆ ಟಿ.ವಿ.ಯವರು ಕುಡಿತ, ಕುಣಿತ ಎಂದೆಲ್ಲ ಬಣ್ಣ ಕಟ್ಟಿದ್ದಾರೆ. ಬಹುಪಾಲು ಮಕ್ಕಳದು ಭಾನುವಾರ ಸಂಜೆಯ ಹಾಡು, ವಾಲಿಬಾಲ್ ಅಷ್ಟೇ. ಕೆಲವು ಹುಡುಗರು ಜೀನ್ಸ್ ತೊಟ್ಟು, ಕೂದಲು ಬೇರೆ ಥರ ಕತ್ತರಿಸಿಕೊಂಡು ಪೇಟೆಗೆ ಹೋಗುತ್ತಾರೆ. ಅದನ್ನು ಇಂಗ್ಲಿಷ್ ಬಟ್ಟೆ ಎನ್ನುತ್ತಾರೆ, ಏಕೆಂದರೆ ಅಮಿಷರಲ್ಲದವರೆಲ್ಲ ಇವರಿಗೆ ಇಂಗ್ಲಿಷರೇ, ಮೈಸೂರು ಸಿಲ್ಕ್ ಸೀರೆ ಉಟ್ಟ ನಾನೂ ಸೇರಿ. ದೀಕ್ಷೆ ಪಡೆಯದವರಿಗೆ ಬಹಿಷ್ಕಾರವಿಲ್ಲ. ಪಡೆದ ಮೇಲೆ ಬಟ್ಟೆಯ ಕಟ್ಟಳೆ ಮುರಿದರೆ ಮೊದಲು ಡೀಕನ್ ಮನೆಗೆ ಬಂದು ಮಾತಾಡುತ್ತಾರೆ, ಆಮೇಲೆ ಸಭೆಯ ಮುಂದೆ ತಪ್ಪೊಪ್ಪಿಗೆ. ಹಟ ಹಿಡಿದು ಹೊರನಡೆದರೆ ತಾಯಿತಂದೆಯ ಮೇಜಿನಲ್ಲಿ ಜೊತೆಗೆ ಕೂತು ಉಣ್ಣುವ ಹಕ್ಕೂ ಹೋಗುತ್ತದೆ. ಸರಳ ಜೀವನ ಎಂದು ಹೊಗಳಿ ಮನೆಗೆ ಮರಳುವ ಪ್ರವಾಸಿಗಳು ಈ ಭಾಗವನ್ನು ಕೇಳಿಸಿಕೊಂಡಿರುವುದಿಲ್ಲ. ಇಷ್ಟಾಗಿಯೂ ಹತ್ತು ಮಕ್ಕಳಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ದೀಕ್ಷೆಯನ್ನೇ ಆರಿಸಿಕೊಳ್ಳುತ್ತಾರೆ.

ಗಡ್ಡಕ್ಕೂ ಟೊಪ್ಪಿಯೊಳಗಿನ ಕೂದಲಿಗೂ ಎಷ್ಟು ಬೆಲೆ ಎಂಬುದು ಹೊರಜಗತ್ತಿಗೆ ತಿಳಿದದ್ದು 2011ರಲ್ಲಿ. ಒಹಾಯೊದ ಬರ್ಗ್‌ಹೋಲ್ಜ್ ಎಂಬಲ್ಲಿ ಬೇರ್ಪಟ್ಟ ಒಂದು ಅಮಿಷ್ ಗುಂಪಿನವರು ತಮಗೆ ಆಗದ ಅಮಿಷರ ಮನೆಗಳಿಗೆ ನುಗ್ಗಿ ಗಂಡಸರ ಗಡ್ಡ, ಹೆಂಗಸರ ತಲೆಗೂದಲು ಕತ್ತರಿಸಿದರು. ಹದಿನಾರು ಮಂದಿಗೆ ದ್ವೇಷಾಪರಾಧದ ಮೇಲೆ ಶಿಕ್ಷೆಯಾಯಿತು. 2014ರಲ್ಲಿ ಮೇಲಿನ ನ್ಯಾಯಾಲಯ ದ್ವೇಷಾಪರಾಧದ ತೀರ್ಪನ್ನು ರದ್ದು ಮಾಡಿತು. ಮತ್ತೆ ಬೆಳೆದು ಬರುವ ಕೂದಲಿಗೆ ಇಷ್ಟೇಕೆ ಎಂದವರಿದ್ದರು. ಹೊಡೆತ ತಿಂದವರಿಗೆ ಅದು ಮೈಮೇಲಿನ ದೀಕ್ಷೆಯನ್ನೇ ಕಿತ್ತಂತೆ.

ಪ್ರವಾಸೋದ್ಯಮದ ಬಗ್ಗೆ ಎರಡು ಮಾತು. 1955ರಲ್ಲಿ ಬ್ರಾಡ್‌ವೇಯಲ್ಲಿ ಅಮಿಷರ ಮೇಲೊಂದು ಸಂಗೀತ ನಾಟಕ ಓಡಿತು, ಅದೇ ವರ್ಷ 30ನೇ ನಂಬರಿನ ರಸ್ತೆಯ ಮೇಲೆ ಒಂದು ಅಮಿಷ್ ಮನೆ ಪ್ರವಾಸಿಗರಿಗೆ ತೆರೆಯಿತು. 1985ರಲ್ಲಿ ಹ್ಯಾರಿಸನ್ ಫೋರ್ಡ್ ಗಿಡ್ಡ ಪ್ಯಾಂಟು ತೊಟ್ಟು ಅಮಿಷನಾಗಿ ನಟಿಸಿದ 'ವಿಟ್ನೆಸ್' ಚಿತ್ರ ಬಂತು. ಈಗ ಆ ರಸ್ತೆಯ ತುಂಬ ಹೋಟೆಲು, ಔಟ್‌ಲೆಟ್ ಮಳಿಗೆಗಳು. ಮುಖವಿಲ್ಲದ ಬಟ್ಟೆಗೊಂಬೆ, ಮಕ್ಕಳಿಗೆ ಹಾಕಿ ಫೋಟೊ ತೆಗೆಯುವ ಅಮಿಷ್ ವೇಷ ಎಲ್ಲವೂ ಮಾರಾಟಕ್ಕಿವೆ. ಅಮಿಷ್ ಕೌದಿ ಎಂದು ನೂರಾರು ಡಾಲರಿಗೆ ಕೊಂಡದ್ದರಲ್ಲಿ ಕೆಲವನ್ನು ಹೊಲಿದವರು ಲಾವೋಸ್‌ನಿಂದ ನಿರಾಶ್ರಿತರಾಗಿ ಬಂದು ಇದೇ ಕೌಂಟಿಯಲ್ಲಿ ನೆಲೆಸಿದ ಮೋಂಗ್ ಹೆಂಗಸರು. ಅವರ ಸೂಜಿಕೆಲಸ ಅಷ್ಟು ಅಚ್ಚುಕಟ್ಟು. ಇದು ಮೋಸವೆಂದು ಗೊಣಗುವವರಿದ್ದಾರೆ. ನನಗೆ ಇಷ್ಟವಾದ ಲ್ಯಾಂಕಾಸ್ಟರ್ ಕಥೆಗಳಲ್ಲಿ ಇದೂ ಒಂದು.

1900ರ ಸುಮಾರಿಗೆ ಇಡೀ ಅಮೆರಿಕದಲ್ಲಿ ಅಮಿಷರು ಐದಾರು ಸಾವಿರ ಇದ್ದರು, ಇನ್ನೇನು ಮುಗಿದರು ಎಂದುಕೊಂಡವರು ಬಹಳ. ಇದೇ ಕೌಂಟಿಯ ಎಲಿಜಬೆತ್‌ಟೌನ್ ಕಾಲೇಜಿನ ಯಂಗ್ ಸೆಂಟರ್‌ನವರು ವರ್ಷವರ್ಷ ಇಡುವ ಲೆಕ್ಕದ ಪ್ರಕಾರ ಈಗ ನಾಲ್ಕು ಲಕ್ಷ ದಾಟಿದ್ದಾರೆ. ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ದುಪ್ಪಟ್ಟು. ಗುಂಡುಸೂಜಿಯ ಗಿರಾಕಿಗಳು ಹೆಚ್ಚುತ್ತಲೇ ಇದ್ದಾರೆ.

ಹೋಗುವವರಿಗೆ ಕೊನೆಯದಾಗಿ ಇಷ್ಟು. ಭಾನುವಾರ ಹೋಗಬೇಡಿ, ಅಮಿಷರ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಲ್ಯಾಂಕಾಸ್ಟರ್ ಪಟ್ಟಣದ ಹಳೆಯ ಸೆಂಟ್ರಲ್ ಮಾರ್ಕೆಟ್ ಮಂಗಳವಾರ, ಶುಕ್ರವಾರ, ಶನಿವಾರ ತೆರೆದಿರುತ್ತದೆ. ಕ್ಯಾಮೆರಾ, ಮೊಬೈಲ್ ಎತ್ತಿ ಯಾರ ಮುಖದ ಫೋಟೊವನ್ನೂ ತೆಗೆಯಬೇಡಿ. ವಿಗ್ರಹ ಮಾಡಬಾರದು ಎಂಬ ದೈವಾಜ್ಞೆಯಡಿ ಅವರು ಅದನ್ನು ಸೇರಿಸಿದ್ದಾರೆ. ಬಗ್ಗಿ ಎದುರಾದರೆ ಹಾರ್ನ್ ಹೊಡೆಯಬೇಡಿ, ಕುದುರೆ ಬೆದರುತ್ತದೆ. ದೊಡ್ಡ ಮಳಿಗೆ ಬಿಟ್ಟು ಮನೆಯ ಮುಂದೆ ಕೈಬರಹದ ಬೋರ್ಡ್ ಹಾಕಿ ಮೊಟ್ಟೆ, ಜಾಮ್, ಕೌದಿ ಮಾರುವವರಲ್ಲಿ ಕೊಳ್ಳಿ. ಅಲ್ಲಿ ಕಾರ್ಡ್ ನಡೆಯುವುದು ಕಡಿಮೆ, ನಗದು ಇಟ್ಟುಕೊಂಡಿರಿ.